ಸಿಗದೆ ಉಳಿದ ಚಿನ್ನದ ಇಲಿ

ನಮ್ಮ ಪಕ್ಕದ ಮನೆಯ ಗ್ವಾನ್ ಶೂಲಿಯಾಂಗ್ ಶೆನ್ಯಾಂಗಿನ ಬಾಯ್ಲರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನು. ನಮ್ಮ ಚೀನೀ ಪಂಚಾಂಗದ ಹನ್ನೆರಡು ವರ್ಷಗಳ ಸುತ್ತಿನಲ್ಲಿ ಆಯಾ ವರ್ಷಕ್ಕಿರುವ ಪ್ರಾಣಿಯ ಚಿತ್ರದ ಚಿನ್ನದ ನಾಣ್ಯ ಕೂಡಿಸುವುದೊಂದೇ ಅವನ ಹುಚ್ಚು. ಎತ್ತಿನಿಂದ ಹಂದಿಯವರೆಗೆ ಹನ್ನೊಂದು ಸೇರಿದ್ದವು. ಮೊದಲನೆಯದಾದ ಇಲಿ ಮಾತ್ರ ಇರಲಿಲ್ಲ. ನಾಣ್ಯವನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಅವನಿಗೆ ಮೈ ಉರಿಯುತ್ತಿತ್ತು. ಒಮ್ಮೆ ಹೆಂಡತಿ ಯೂಫೆನ್ ಮುಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಅವನಿಗೆ ಬೇಕಾದ ಇಲಿ ಭಾನುವಾರದ ನಾಣ್ಯಸಂತೆಗೆ ಬರುತ್ತಿದ್ದ ಮಿ ಶೌತಿಂಗ್ ಎಂಬ ಮುದುಕನ ಹತ್ತಿರವಿತ್ತು. ಎಷ್ಟು ಕೇಳಿದರೂ ಕೊಟ್ಟಿರಲಿಲ್ಲ. ಆ ಚಳಿಗಾಲದಲ್ಲಿ ಮುದುಕ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ. ರೋಗಿಯನ್ನು ನೋಡಲು ಹೋಗುವವರೆಲ್ಲ ಒಯ್ಯುವ ಪೀಚ್ ಹಣ್ಣಿನ ಡಬ್ಬಿ ಹಿಡಿದು ಗ್ವಾನ್ ಹೊರಟ.

"ಅವನ ಆರೋಗ್ಯ ಕೇಳೋಕೋ, ಇಲಿ ಕೇಳೋಕೋ?" ಎಂದಳು ಯೂಫೆನ್.

"ಸ್ನೇಹಿತ ಕಣೇ. ನೋಡ್ಕೊಂಡ್ ಬರ್ಬಾರ್ದಾ?"

ವಾರ್ಡಿನಲ್ಲಿ ಸಂತೆಯ ಇನ್ನಿಬ್ಬರು ಆಗಲೇ ಕೂತಿದ್ದರು. ಅವರ ಕಾಲ ಬುಡದಲ್ಲೂ ಪೀಚ್ ಡಬ್ಬಿ. ಒಬ್ಬ ದಿಂಬು ಸರಿಮಾಡುವ ನೆಪದಲ್ಲಿ ಅದರಡಿ ಬೆರಳಾಡಿಸುತ್ತಿದ್ದ. ಇನ್ನೊಬ್ಬ, "ಮಿ ಅಣ್ಣಾ, ಊಟ ಸೇರುತ್ತಾ?" ಎನ್ನುತ್ತಲೇ ಕಪಾಟಿನತ್ತ ಕಣ್ಣು ಹಾಯಿಸುತ್ತಿದ್ದ. ಗ್ವಾನನಿಗೆ ಹೇಸಿಗೆಯಾಯಿತು. ಜೀವ ಹೋಗುವ ಮೊದಲೇ ಹದ್ದುಗಳು ಬಂದಿವೆ ಅಂದುಕೊಂಡ.

ಮುದುಕ ತುಟಿ ಬಿಗಿದುಕೊಂಡು ಮಲಗಿದ್ದ. ಅವನ ಒಂದು ಕೆನ್ನೆ ಉಬ್ಬಿತ್ತು. ಕೊನೆಗೆ ಮಂಚದ ಪಕ್ಕ ಕೂತಿದ್ದ ಮಗಳ ಕೈ ಹಿಡಿದು ಎದ್ದು ಕೂತು ಅಂಗೈಗೆ ಉಗುಳಿಕೊಂಡ. ಕಫ, ಜೊಲ್ಲು, ಅದರ ನಡುವೆ ಚಿನ್ನದ ಇಲಿ.

"ನಿನ್ನೆ ಹಾಸಿಗೆಯೆಲ್ಲಾ ತಡಕಾಡಿದ್ರಿ. ಅದಕ್ಕೇ ಬಾಯಲ್ಲಿಟ್ಕೊಂಡೆ," ಎಂದ ಆ ಇಬ್ಬರತ್ತ ನೋಡಿ. "ಬೇಕಾದವ್ರು ತಗೊಳ್ಳಿ. ಬರಿಗೈಲೇ ತಗೋಬೇಕು."

ಮೂರು ಕೈಗಳು ಒಟ್ಟಿಗೆ ಚಾಚಿದವು. ಎಲ್ಲಕ್ಕಿಂತ ಮುಂದಿದ್ದದ್ದು ತನ್ನದೇ ಎಂದು ಗ್ವಾನನಿಗೆ ತಿಳಿಯುವಷ್ಟರಲ್ಲಿ ಬೆಚ್ಚನೆಯ ಲೋಳೆ ಬೆರಳಿಗೆ ಮೆತ್ತಿಕೊಂಡಿತ್ತು.

"ನೀನೂನಾ ಗ್ವಾನ್?" ಮುದುಕ ಕೆಮ್ಮುತ್ತಲೇ ನಕ್ಕ. "ನಿನ್ನ ಬೇರೆ ಥರ ಅಂದ್ಕೊಂಡಿದ್ದೆ."

ಗ್ವಾನ್ ನಾಣ್ಯವನ್ನು ಎತ್ತಿ, ತನ್ನ ಅಂಗಿಯ ತೋಳಿಗೆ ಒರೆಸಿ, ಮುದುಕನ ಮಗಳ ಕೈಯಲ್ಲಿಟ್ಟ. "ಒಳಗಿಟ್ಕೋ ತಾಯಿ. ನಮ್ಮಲ್ಲಿ ಯಾರಿಗೂ ಕೊಡ್ಬೇಡ."

ಬೀದಿಗೆ ಬಂದು ಹಿಮದಲ್ಲಿ ಕೈ ತಿಕ್ಕಿಕೊಂಡ. ಬಸ್ ನಿಲ್ದಾಣದ ಹಿಂದೆ ನಿಂತು ವಾಂತಿ ಮಾಡಿದ. "ಆ ಜೊಲ್ಲಿಗಲ್ಲ ವಾಂತಿ ಬಂದಿದ್ದು," ಎಂದು ಆಮೇಲೆ ನನಗೆ ಹೇಳಿದ, "ಎಲ್ಲರಿಗಿಂತ ಮುಂದೆ ಚಾಚಿದ ಈ ಕೈ ನೋಡಿ ಬಂತು."

ಮಿ ಹತ್ತು ದಿನದಲ್ಲಿ ತೀರಿಕೊಂಡ. ಗ್ವಾನ್ ತನ್ನ ಹನ್ನೊಂದನ್ನೂ ಅಕ್ಕಸಾಲಿಗನಲ್ಲಿ ಕರಗಿಸಿ ಯೂಫೆನ್‌ಗೆ ಎರಡು ಬಳೆ ಮಾಡಿಸಿದ. ಹಿಟ್ಟು ನಾದುವಾಗಲೂ ಅವಳು ಅವನ್ನು ತೆಗೆಯುವುದಿಲ್ಲ. ಅವನಂತೂ ಆ ಬಳೆಗಳ ಕಡೆ ಇವತ್ತಿಗೂ ನೋಡುವುದಿಲ್ಲ.