ಕುಂಕುಮ ಹಚ್ಚದ ಕಂಪ್ಯೂಟರ್

ಆ ಮ್ಯಾನೇಜರ್ ಮುಖ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜೆ.ಪಿ. ನಗರದಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನರ್ಸಿಂಗ್ ಹೋಮುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಮಗಳು ದೊಡ್ಡವಳಾಗಲಿ ಎಂದು ವರ್ಷಗಟ್ಟಲೆ ಮನೆಯಲ್ಲಿದ್ದು, ಹತ್ತಾರು ಕಡೆ ಬೇಡ ಅನ್ನಿಸಿಕೊಂಡು, ಕೊನೆಗೆ ಅಲ್ಲಿ ಸೇರಿದ್ದೆ. ಪ್ರೊಬೇಷನ್ ಮುಗಿಯುವುದರಲ್ಲಿತ್ತು. ನನ್ನ ಕೆಲಸ ಉಳಿಯುವುದೂ ಹೋಗುವುದೂ ಆ ಮನುಷ್ಯನ ಕೈಯಲ್ಲಿತ್ತು.

ಆಯುಧಪೂಜೆಯ ದಿನ ಅವರೇ ಒಂದೊಂದು ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಡುತ್ತಾ ಬಂದರು. ಬಾಗಿಲ ಹಿಂದಿದ್ದ ನನ್ನ ಮೇಜಿನ ಹತ್ತಿರ ಬಂದಾಗ ಕೈ ನಿಲ್ಲಿಸಿದರು.

"ನೀವಿನ್ನೂ ಪರ್ಮನೆಂಟ್ ಆಗಿಲ್ವಲ್ಲ ಮೇಡಂ. ಮುಂದಿನ ವರ್ಷ ಇದ್ರೆ ಹಚ್ಚೋಣ."

ಸುತ್ತಲಿದ್ದವರು ನಕ್ಕರು. ನಾನೂ ಹಲ್ಲು ಕಿರಿದೆ. ಕೈಯಲ್ಲಿದ್ದ ಕಡಲೆಪುರಿ ಪೊಟ್ಟಣವನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತ್ತು.

ಹಬ್ಬ ಮುಗಿಸಿ ಬಂದ ದಿನವೇ ಬಿಲ್ಡ್ ಮಷೀನ್ ಕೈಕೊಟ್ಟಿತು. ಎಲ್ಲರ ಕೆಲಸವನ್ನೂ ಒಟ್ಟುಗೂಡಿಸಿ ಗಿರಾಕಿಗೆ ಕೊಡುವ ಪ್ರೋಗ್ರಾಂ ತಯಾರಾಗುವುದು ಅದರಲ್ಲೇ. ಬಾರ್‌ಕೋಡ್ ಮುದ್ರಿಸಲು ನಾವು ಬಳಸುತ್ತಿದ್ದದ್ದು ಹೊರಗಿನವರು ಯಾವ ಕಾಲದಲ್ಲೋ ಮಾಡಿದ ಒಂದು ಕಾಂಪೊನೆಂಟ್, ಅಂದರೆ ಸಿದ್ಧ ಪ್ರೋಗ್ರಾಂ ತುಣುಕು. ಅದರ ಫೈಲ್ ಎಲ್ಲಿದೆ ಎಂದು ಕಂಪ್ಯೂಟರಿಗೆ ಮೊದಲೇ ತಿಳಿಸಿ ರಿಜಿಸ್ಟರ್ ಮಾಡಿಡಬೇಕು. ಅದು ಸರಿಯಾಗಿ ರಿಜಿಸ್ಟರ್ ಆಗಿಲ್ಲ ಎಂದು ಎರರ್ ಬಂತು. ಬಾರ್‌ಕೋಡ್ ಭಾಗ ಬರೆದವಳು ನಾನು.

"ನನ್ನ ಮಷೀನಲ್ಲಿ ಓಡ್ತಿದೆ ಸಾರ್," ಅಂದೆ.

"ಹಂಗಾದ್ರೆ ಅದನ್ನೇ ಹೊತ್ಕೊಂಡು ಹೋಗಿ ಕಸ್ಟಮರ್‌ಗೆ ಕೊಟ್ಬಿಡಿ," ಎಂದು ಮ್ಯಾನೇಜರ್ ಎಲ್ಲರೆದುರು ಕೂಗಿದರು. "ಮನೇಲಿ ಸಾರು ಕುದಿಸ್ಕೊಂಡಿದ್ದವ್ರನ್ನ ತಗೊಂಡ್ರೆ ಇದೇ ಗತಿ. ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡಿ."

ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಬಿಲ್ಡ್ ಮಷೀನಿನ ಮುಂದೆ ಕೂತು ಮತ್ತೆ ರಿಜಿಸ್ಟರ್ ಮಾಡಹೋದೆ, ಆಗಲಿಲ್ಲ. ಅಡ್ಮಿನ್ ಆಗಿ ಮಾಡಿದೆ, ಮತ್ತದೇ ರಾಗ. ಕೊನೆಗೆ ರಿಜಿಸ್ಟ್ರಿ ತೆರೆದು, ಕಂಪ್ಯೂಟರ್ ಆ ಫೈಲನ್ನು ಎಲ್ಲಿ ಹುಡುಕುತ್ತಿದೆ ಎಂದು ನೋಡಿದೆ. ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರಿನಲ್ಲಿ. ಆದರೆ ಡೆಸ್ಕ್‌ಟಾಪ್ ಮೇಲೆ ಚಾಮುಂಡೇಶ್ವರಿಯ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ನೆನಪಾಯಿತು. ಪೂಜೆಯ ಹಿಂದಿನ ದಿನ ಇದೇ ಮಹಾನುಭಾವರು ಒಂದೊಂದು ಮಷೀನಿನ ಮುಂದೂ ಕೂತು, "ಮೇಲೆ ಒರೆಸಿದ್ರೆ ಸಾಲ್ದು, ಒಳಗೂ ಕ್ಲೀನ್ ಇರ್ಬೇಕು. ಪೂಜೆ ಫೋಟೋ ತೆಗ್ದಾಗ ದೇವಿ ಮಾತ್ರ ಕಾಣ್ಬೇಕು," ಎನ್ನುತ್ತಾ ಸಿಕ್ಕಿದ್ದನ್ನೆಲ್ಲ ಅಳಿಸಿದ್ದರು. ರಿಸೈಕಲ್ ಬಿನ್ನನ್ನೂ ಬಿಟ್ಟಿರಲಿಲ್ಲ. ಪೂಜೆಯಿಲ್ಲದ ನನ್ನ ಮಷೀನನ್ನು ಮಾತ್ರ ಮುಟ್ಟಿರಲಿಲ್ಲ. ಇಡೀ ಆಫೀಸಿನಲ್ಲಿ ಆ ಫೈಲ್ ಉಳಿದದ್ದು ಅಲ್ಲೊಂದೇ ಕಡೆ.

ಅದನ್ನು ಕಾಪಿ ಮಾಡಿ ರಿಜಿಸ್ಟರ್ ಮಾಡಿದೆ. ಬಿಲ್ಡ್ ಓಡಿತು. ಆಮೇಲೆ ಎದ್ದು ನಿಂತು, ಅವರು ಕೂಗಿದಷ್ಟೇ ದೊಡ್ಡ ದನಿಯಲ್ಲಿ, ಫೈಲ್ ಅಳಿಸಿದವರು ಯಾರು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. "ಆಯ್ತಲ್ಲ, ಬಿಡಿ," ಎಂದರೇ ಹೊರತು ಮ್ಯಾನೇಜರ್ ತಪ್ಪಾಯಿತು ಅನ್ನಲಿಲ್ಲ.

ಸಂಜೆ ಗಿರಾಕಿ ಪ್ರೋಗ್ರಾಂ ತೆಗೆದುಕೊಂಡು ಹೋದ ಮೇಲೆ, ದೇವರ ಫೋಟೋದ ಮುಂದಿದ್ದ ಕುಂಕುಮದ ಬಟ್ಟಲು ಹಿಡಿದು ಅವರೇ ನನ್ನ ಮೇಜಿಗೆ ಬಂದರು. ಮುಖದಲ್ಲಿ ನಗು.

"ನಿಮ್ಮನ್ನ ಪರ್ಮನೆಂಟ್ ಮಾಡಿದೀನಿ ಮೇಡಂ. ಇದಕ್ಕೂ ಹಚ್ಚಿಬಿಡೋಣ."

ನಾನು ಮಾನಿಟರಿಗೆ ಅಂಗೈ ಅಡ್ಡ ಹಿಡಿದೆ.

"ಬೇಡ ಸಾರ್. ಹಚ್ಚೋಕೆ ಮುಂಚೆ ನೀವು ಕ್ಲೀನ್ ಮಾಡ್ತೀರ."