ಹಂದಿ ಹಾಲು ಕುಡಿದ ಚಿಮಣಿ

ಕಾಕಾನ ವಾಚ್‌ಮನ್ ಅಂಗಿಯೊಳಗೆ ಯಾವಾಗಲೂ ಏನೋ ಒಂದು ಮಿಸುಕಾಡುತ್ತಿತ್ತು. ಎರಡನೇ ಗುಂಡಿ ಬಿಚ್ಚಿರುತ್ತಿದ್ದರು. ಅಲ್ಲಿಂದ ನಾಯಿಮರಿಯ ಒದ್ದೆ ಮೂಗೊಂದು ಹೊರಬಂದು ಗೋವಾದ ಪರ್ವರಿಯ ಗಾಳಿ ಮೂಸಿ ಮತ್ತೆ ಒಳಗೆ ಹೋಗುತ್ತಿತ್ತು. ಬಿಲ್ಡಿಂಗಿನ ಗೇಟಿನಲ್ಲಿ ಎಂಜಿನಿಯರ್ ಏನಾದರೂ ಕೇಳಿದರೆ ಕಾಕಾ ಬಾಯಿ ತೆರೆಯುವ ಮೊದಲೇ ಅಂಗಿ ಕುಂಯ್ ಅನ್ನುತ್ತಿತ್ತು.

ನಮ್ಮ ಪಕ್ಕದ ಖೋಲಿಯವರು ಅವರು. ನಮ್ಮ ಹಾಗೆಯೇ ಬಾಗಲಕೋಟೆ ಕಡೆಯವರು. ನನ್ನ ಗಂಡ ಗೋಡೆ ಕಟ್ಟುವ ಗೌಂಡಿ, ನಾನು ಫ್ಲ್ಯಾಟುಗಳಲ್ಲಿ ಮನೆಗೆಲಸದವಳು. ಕಾಕಾಗೆ ಹೆಂಡತಿ ಮಕ್ಕಳಿರಲಿಲ್ಲ. ನಾಯಿಗಳ ತಳಿ ಒಂದಿತ್ತು, ಅವರಜ್ಜ ಕಾಡುಹಂದಿ ಬೇಟೆಗೆಂದು ಬೆಳೆಸಿದ್ದು. "ಈಗ ಕೊಲ್ಲೂದು ಗುನ್ಹೆ, ತಂಗಿ. ಓಡಸೂದು ಗುನ್ಹೆ ಅಲ್ಲ" ಎನ್ನುತ್ತಿದ್ದರು. ಗುಡ್ಡದ ಕೆಳಗಿನ ಗೆಣಸಿನ ಹೊಲಗಳಿಗೆ ಕಾಡುಹಂದಿ ನುಗ್ಗಿದರೆ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮರಿ ನೋಡುವುದೆಂದರೆ ಅವರಿಗೆ ಹೆಣ್ಣು ನೋಡುವುದಕ್ಕಿಂತ ದೊಡ್ಡ ಕೆಲಸ. ತಿಂಗಳು ತುಂಬಿದ ಮರಿಗಳ ಹಿಂದೆ ಊಟದ ತಾಟನ್ನು ಧಡಾರನೆ ಕೆಡವುವರು. ಎಲ್ಲವೂ ಓಡುತ್ತಿದ್ದವು. ಯಾವುದು ತಿರುಗಿ ಬಂದು ತಾಟನ್ನು ಮೂಸುತ್ತದೋ ಅದರ ಮೇಲೆ ಅವರ ಕಣ್ಣು. ಆಮೇಲೆ ಎದೆ ಅಳೆಯುವರು, ಪಾದ ಹಿಚುಕುವರು, ಹಲ್ಲು ಕೂಡುತ್ತವೋ ನೋಡುವರು. ಹಂದಿಯ ಮೈಮೇಲೆ ಬೀಳುವ ನಾಯಿ ಕಂಡರೆ ಅವರಿಗೆ ಆಗದು. "ಕಚ್ಚಾಕ ಹೋದ ನಾಯಿ ಹೊಟ್ಟಿ ಹರಕೊಂಡು ಬರತೈತಿ. ದೂರ ನಿಂತು, ಸುತ್ತ ತಿರುಗಿ ಬೊಗಳಬೇಕು. ಕರದ್ರ ಬರಬೇಕು. ಅದು ನಾಯಿ!" ಹೊಲದಲ್ಲಿ ಹಾಗೆ ನಿಲ್ಲದ ನಾಯಿಯಿಂದ ಅವರು ಮರಿ ಮಾಡಿಸುತ್ತಲೇ ಇರಲಿಲ್ಲ.

ತಳಿಯ ಕೊನೆಯ ಹೆಣ್ಣುನಾಯಿ ಒಂದೇ ಮರಿ ಹಾಕಿ, ಜ್ವರ ಬಂದು ಸತ್ತಿತು. ಆ ಮರಿಯೇ ಚಿಮಣಿ. ಅಷ್ಟರಲ್ಲಿ ಹೊಸ ಸೂಪರ್‌ವೈಸರ್ ಬಂದು ಅಂಗಿಯೊಳಗಿನ ಸಂಸಾರಕ್ಕೆ ತಡೆ ಹಾಕಿದ್ದ. "ಹಗಲೊತ್ತು ನೀ ನೋಡ್ಕೊ ತಂಗಿ" ಎಂದು ಕಾಕಾ ಮರಿಯನ್ನು ನನ್ನ ಕೈಗಿಟ್ಟರು.

ನಾನೇನು ಮಾಡಲಿ? ಐದು ಮನೆ ಕೆಲಸ. ಮರಿ ಬಾಟಲಿ ಹಾಲು ಮುಟ್ಟದು, ಅಳು ನಿಲ್ಲಿಸದು. ನಮ್ಮ ಖೋಲಿಗಳ ಮಾಲಕಿಯನ್ನು ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು; ಅವರ ಸಾಕುಹಂದಿ ಹಿತ್ತಲಲ್ಲಿ ಈದು ಮಲಗಿತ್ತು. ಅದರ ಎಂಟು ಮರಿಗಳ ನಡುವೆ ಚಿಮಣಿಯನ್ನೂ ಸೇರಿಸಿಬಿಟ್ಟೆ. ಹಂದಿ ಒಮ್ಮೆ ಮೂಸಿ ಸುಮ್ಮನಾಯಿತು. ದಿನಾ ಸಂಜೆ ಕಾಕಾ ಬರುವಷ್ಟರಲ್ಲಿ ಮರಿಯನ್ನು ತೊಳೆದು ಒರೆಸಿ ಸಿದ್ಧ ಮಾಡುತ್ತಿದ್ದೆ.

"ಎಷ್ಟ್ ದುಂಡಗ ಆಗೈತಲ್ಲ! ಏನ್ ಹಾಕ್ತಿ?"

"ಬಾಟಲಿ ಹಾಲ್ರಿ ಕಾಕಾ."

ನನ್ನ ನಾಲಿಗೆ ತೊದಲಲೂ ಇಲ್ಲ ನೋಡಿ.

ಚಿಮಣಿಗೆ ವರ್ಷ ತುಂಬಿದಾಗ, ಒಂದು ಬೆಳಿಗ್ಗೆ, ಬಾಯಿಯ ಗೆಣಸಿನ ಹೊಲಕ್ಕೆ ಕಾಡುಹಂದಿಗಳು ಬಂದವು. ಕಾಕಾ ಹಗ್ಗ ಬಿಚ್ಚಿದರು. ಏನು ಓಟ ಅದು! ಬಾಯಿ ಚಪ್ಪಾಳೆ ತಟ್ಟಿದರು. ಚಿಮಣಿ ನೆಟ್ಟಗೆ ದೊಡ್ಡ ಹೆಣ್ಣುಹಂದಿಯ ಎದುರು ಹೋಗಿ, ಬಾಲ ಆಡಿಸಿ, ಅಂಗಾತ ಬಿದ್ದು ಮುದ್ದುಗರೆಯಿತು. ಹಂದಿಯೂ ತಬ್ಬಿಬ್ಬು. ಕಾಕಾ ಡಬ್ಬಿ ಬಡಿಯುತ್ತ ಓಡಿ ಹೋಗದಿದ್ದರೆ ಅವತ್ತು ಚಿಮಣಿ ಉಳಿಯುತ್ತಿರಲಿಲ್ಲ.

ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಬದುವಿನ ಮೇಲೆ ಕುಸಿದು ಕೂತರು. "ನಾಯಿ ಗುರುತಿಸೂ ನನ್ನ ಕಣ್ಣ ಹೋದುವು, ತಂಗಿ. ಇಂಥಾದ್ದರ ಹೊಟ್ಟೀಲೆ ಮರಿ ಬ್ಯಾಡ. ಸೋಮವಾರ ದವಾಖಾನಿಗೆ ಒಯ್ದು ಆಪರೇಶನ್ ಮಾಡಸ್ತೇನಿ. ನಮ್ಮಜ್ಜನ ತಳಿ ಇಲ್ಲಿಗೇ ಮುಗೀತು."

ಎರಡು ದಿನ ಅವರ ಎದುರು ಬೀಳದೆ ತಪ್ಪಿಸಿಕೊಂಡು ಓಡಾಡಿದೆ. ಭಾನುವಾರ ಅವರ ಬಾಗಿಲಲ್ಲಿ ನಿಂತು ಒದರಿಬಿಟ್ಟೆ. "ಕಾಕಾ, ತಪ್ಪು ಚಿಮಣೀದಲ್ಲರಿ. ನಾ ಅದಕ್ಕ ಹಂದಿ ಹಾಲು ಕುಡಸೀನಿ. ಹಂದಿ ಮರಿ ಜೋಡಿ ಬೆಳಸೀನಿ. ನಿಮಗ ಸುಳ್ಳು ಹೇಳೀನಿ."

"ಹಂದಿ ಹಾಲು?" ಕಾಕಾ ಎದ್ದು ನಿಂತರು. "ಥೂ ನಿನ್ನ! ನಮ್ಮಜ್ಜನ ನಾಯಿಗೆ ಹಂದಿ ಹಾಲು!" ಹಾಗೆ ಗುಡುಗಿದವರು ಇದ್ದಕ್ಕಿದ್ದಂತೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚಿಮಣಿಯ ಮುಂದೆ ಕೂತು ಅದರ ಗಲ್ಲ ಹಿಡಿದರು. "ಯವ್ವಾ, ನಿಮ್ಮವ್ವ ಸಿಕ್ಕಳಂತ ಓಡಿದ್ಯೇನ? ನಾ ನಿನಗ ನಾಲಾಯಕ ಅಂದ್ನಲ್ಲವ್ವಾ!" ಬಳಿಕ ನನ್ನ ಕಡೆ ತಿರುಗಿದರು. "ಸಾಕಿದ್ದು ಕೆಟ್ಟೈತಿ, ಹುಟ್ಟಿದ್ದು ಕೆಟ್ಟಿಲ್ಲ. ಕೆಡಿಸಿದಾಕಿ ನೀ. ಇದರ ಮರೀನೂ ನೀನ ಆರಸಬೇಕು."

ಸೋಮವಾರದ ದವಾಖಾನೆ ತಪ್ಪಿತು. ಊರಿಂದ ಒಳ್ಳೆಯ ಗಂಡುನಾಯಿ ತರಿಸಿದರು. ಚಿಮಣಿ ಐದು ಮರಿ ಹಾಕಿತು. ಒಂದನ್ನೂ ನಾನು ಹಂದಿಗೂಡಿನ ಕಡೆ ಸುಳಿಯಗೊಡಲಿಲ್ಲ. ತಾಟು ಕೆಡವಿ, ಕಪ್ಪು ಕಿವಿಯ ಸಣ್ಣ ಹೆಣ್ಣುಮರಿಯನ್ನು ಆರಿಸಿದೆ.

"ಎದಿ ಸಾಲದು. ಇದಲ್ಲ" ಅಂದರು ಕಾಕಾ.

"ಎರಡು ಸಲ ತಿರುಗಿ ಬಂದೈತ್ರಿ. ಇದ ಖರೇ."

ಮೂರು ದಿನ ಜಗಳ ನಡೆಯಿತು. ನಾನು ಬಿಡಲಿಲ್ಲ. ಮರುವರ್ಷ ಅದೇ ಕಪ್ಪು ಕಿವಿಯದು, ಅದೇ ಗೆಣಸಿನ ಹೊಲದಲ್ಲಿ, ಹಂದಿಗಳಿಂದ ದೂರ ನಿಂತು, ಸುತ್ತು ತಿರುಗಿ ಬೊಗಳಿ ಬೊಗಳಿ ಅಷ್ಟನ್ನೂ ಗುಡ್ಡ ಹತ್ತಿಸಿತು. ಒಂದೇ ಕೂಗಿಗೆ ಮರಳಿ ಬಂತು. ಕಾಕಾ ಟೋಪಿ ಮೇಲಕ್ಕೆ ತೂರಿ ಬದುವಿನ ಮೇಲೆ ಕುಣಿದರು. ಅವರ ಜೊತೆ ನಾನೂ ಕುಣಿದೆ, ಬಾಯಿಯೂ ಕುಣಿದರು. ಅಂಥ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಕಾಕಾ ಪಣಜಿಯಲ್ಲಿ ಆಸ್ಪತ್ರೆ ಸೇರಿದರು. ಕಪ್ಪು ಕಿವಿಯದರ ಮರಿಗಳಿಗೆ ಆಗ ತಿಂಗಳು ತುಂಬಿತ್ತು. ಮೊಬೈಲಿನಲ್ಲಿ ತೋರಿಸಲು ಹೋದೆ. ಅವರು ಕೈಯಿಂದ ಅದನ್ನು ಸರಿಸಿದರು.

"ತೋರಸಬ್ಯಾಡ. ಯಾವುದು, ಹೇಳು."

"ಬಿಳಿ ಪಾದದ್ದರಿ ಕಾಕಾ."

"ಆತು. ಅದನ್ನ ಇಟ್ಕೊ. ಮುಂದಿನ ಮರಿ ಅದರದ."

ಎರಡು ದಿನಕ್ಕೆ ಅವರು ಹೋದರು. ದಿನಾ ಸಂಜೆ ಅವರ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದವಳು ನಾನು. ಆ ನನ್ನ ಬಾಯಿಮಾತಿನ ಮೇಲೆ ಕಾಕಾ, ಮರಿಯನ್ನು ಒಂದು ಸಲವೂ ನೋಡದೆ, ಅಜ್ಜನ ತಳಿಯನ್ನು ಬಿಟ್ಟು ಹೋದರು.