ಹುಲ್ಲಿನಡಿಯ ಟಾರು ರಸ್ತೆ

ಕಳೆದ ವಾರ ನಾಗಮಂಗಲದಿಂದ ಕೆ.ಆರ್. ಪೇಟೆಗೆ ಹೋಗುವಾಗ ರಸ್ತೆಗೆ ಹಾಸಿದ್ದ ರಾಗಿ ಕಂತೆಗಳ ಮೇಲೆ ಕಾರು ಹಾಯಿತು. ಹುಲ್ಲು ಚಕ್ರಕ್ಕೆ ಸುತ್ತಿಕೊಂಡಿತು. ಇಳಿದು ಕಿತ್ತು ತೆಗೆಯುವಾಗ ಮೂಗಿಗೆ ಬಡಿದ ಒಣ ಹೊಟ್ಟಿನ ವಾಸನೆಗೆ ಪಕ್ಕದ ಮನೆಯ ದೊಡ್ಡವ್ವ ನೆನಪಾದಳು. ನನಗೆ ರಕ್ತಸಂಬಂಧಿಯಲ್ಲ, ಊರಿಗೆಲ್ಲ ದೊಡ್ಡವ್ವ.

ತೊಂಬತ್ತರ ದಶಕದ ಮಾತು. ನಾನು ಜಿಲ್ಲಾ ಪತ್ರಿಕೆಯೊಂದರ ವರದಿಗಾರ. ನಮ್ಮೂರು ಸಂತೆಬಾಚಹಳ್ಳಿಯ ಕಡೆ. ಸೇನೆಯ ಪೈಲಟ್ ಆಗಲು ಕಲಿಯುತ್ತಿದ್ದವರು ಒಬ್ಬೊಬ್ಬರೇ ಹೆಲಿಕಾಪ್ಟರ್ ಹಾರಿಸಿಕೊಂಡು ನಮ್ಮ ತಲೆಯ ಮೇಲೆ ಹೋಗುತ್ತಿದ್ದರು. ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಗಡಿಯಾರ. ಇಷ್ಟು ನಿಮಿಷಕ್ಕೆ ಈ ಕೆರೆ, ಇಷ್ಟಕ್ಕೆ ಈ ರಸ್ತೆ ಎಂದು ನೆಲ ನೋಡಿಯೇ ದಾರಿ ಹಿಡಿಯಬೇಕು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಹೊಳೆ, ಮತ್ತೆ ವಾಪಸ್ಸು... ಇದೆಲ್ಲ ನನಗೆ ತಿಳಿದದ್ದು ಅವರಲ್ಲೊಬ್ಬ ನಮ್ಮೂರಿನ ಹೊಲದಲ್ಲಿ ಇಳಿದ ದಿನ.

ಒಕ್ಕಣೆಯ ಕಾಲ. ಬಸ್ಸು ಲಾರಿಗಳು ಹರಿದು ತೆನೆಯಿಂದ ಕಾಳು ಉದುರಿಸಲಿ ಎಂದು ಊರಿನವರೆಲ್ಲ ಟಾರು ರಸ್ತೆಯ ಉದ್ದಕ್ಕೂ ರಾಗಿ ಹಾಸಿದ್ದರು. ಹೆಲಿಕಾಪ್ಟರ್ ಮೂರು ಸುತ್ತು ಹಾಕಿ ಕೊಯ್ದ ಹೊಲದಲ್ಲಿ ಇಳಿಯಿತು. ಒಳಗಿದ್ದ ತರುಣನಿಗೆ ಕನ್ನಡ ಬರುತ್ತಿರಲಿಲ್ಲ. ಅವನು ರಸ್ತೆಗೆ ಬಂದು ಬೂಟಿನಿಂದ ಹುಲ್ಲು ಸರಿಸಿದ. ಕೆಳಗೆ ಕಪ್ಪು ಟಾರು. ಅಲ್ಲೇ ಕುಕ್ಕರಿಸಿದ.

ಈ ಕಪ್ಪು ರಸ್ತೆ ಕಂಡಲ್ಲಿ ಅವನು ತಿರುಗಬೇಕಿತ್ತಂತೆ, ಇಂಗ್ಲಿಷಿನಲ್ಲಿ ನನಗೆ ಹೇಳಿದ. ಕೆಳಗೆ ಹಳದಿಯೇ ಕಂಡದ್ದರಿಂದ ರಸ್ತೆ ಇನ್ನೂ ಬಂದಿಲ್ಲವೆಂದು ಮುಂದೆ ಹೋಗಿ ದಾರಿ ತಪ್ಪಿ, ಸುತ್ತಾಡಿ ಇಲ್ಲಿಗೇ ವಾಪಸ್ಸು ಬಂದಿದ್ದ. ಹಿಂದೊಮ್ಮೆ ಹೀಗಾಗಿ ಎಚ್ಚರಿಕೆ ಸಿಕ್ಕಿತ್ತು. ಇನ್ನೊಮ್ಮೆಯಾದರೆ ತರಬೇತಿಯಿಂದ ನೇರ ಮನೆಗೆ. ರೇಡಿಯೊದಲ್ಲಿ ತಿಳಿಸಿದ್ದಾನೆ, ಕಲಿಸುವ ಅಧಿಕಾರಿ ಹೊರಟಿದ್ದಾರೆ.

“ಏನಂತಾನ್ಲಾ?” ಎಂದಳು ದೊಡ್ಡವ್ವ. ಹೇಳಿದೆ.

“ಅಯ್ಯೋ ನನ್ ಕಂದಾ! ನಾವ್ ಮಾಡಿದ್ ಕೆಲ್ಸಕ್ಕೆ ಇವನ್ಯಾಕ್ಲಾ ಮನೆಗೋಗ್ಬೇಕು? ಬರೋರ್ಗೆ ಈ ಹುಲ್ಲ ತೋರ್ಸಾನ ಬುಡು” ಎಂದು ಅವನಿಗೆ ಮಜ್ಜಿಗೆ ತರಲು ಒಳಗೆ ಹೋದಳು.

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಹೆಲಿಕಾಪ್ಟರಿನ ಸದ್ದು. ರಸ್ತೆಯಲ್ಲಿ ಒಕ್ಕಣೆ ಮಾಡಿದರೆ ಕೇಸು ಎಂದು ಆ ವರ್ಷವೇ ಡಂಗುರ ಸಾರಿದ್ದರು. ಅವಳ ಮಗನೇ ಕೂಗಿದ: “ಎಳೀರ್ಲಾ, ಎಳೀರ್ಲಾ! ರೋಡ್ ನೋಡಾಕೆ ಸಾಹೇಬ್ರು ಬತ್ತಾವ್ರೆ!” ಇಡೀ ಊರು ಕವೆಗೋಲು ಹಿಡಿದು ನುಗ್ಗಿತು. ಆ ತರುಣ ರಸ್ತೆಯ ಮಧ್ಯೆ ನಿಂತು ಎರಡೂ ಕೈ ಚಾಚಿ, ಬಿಡಿ, ಹಾಗೇ ಬಿಡಿ ಎಂದು ಇಂಗ್ಲಿಷಿನಲ್ಲಿ ಬೇಡುತ್ತಿದ್ದ. ಅದು ಅರ್ಥವಾದವನು ನಾನೊಬ್ಬನೇ. ನಮ್ಮಪ್ಪನ ಕಂತೆಗಳೂ ಅಲ್ಲಿದ್ದವು... ನಾನೂ ಎಳೆದೆ.

ಅಧಿಕಾರಿ ಇಳಿದು ಬಂದಾಗ ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ತರುಣ ಏನೋ ಹೇಳಿದ. ಅಧಿಕಾರಿ ರಸ್ತೆಯನ್ನು ನೋಡಿದರು, ಅವನನ್ನು ನೋಡಿದರು.

ಚೊಂಬು ಹಿಡಿದು ಹೊರಬಂದ ದೊಡ್ಡವ್ವ ಒಂದು ಕ್ಷಣ ನಿಂತಳು. “ಥೂ, ನಿಮ್ ಕೈ ಸೇದೋಗ!” ಚೊಂಬನ್ನು ಜಗಲಿಯ ಮೇಲಿಟ್ಟು, ಕಂತೆಗಳನ್ನು ಒಂದೊಂದಾಗಿ ಎಳೆದು ತಂದು ಮತ್ತೆ ಟಾರಿನ ಮೇಲೆ ಹಾಸತೊಡಗಿದಳು. “ಇಂಗಿತ್ತು ಸ್ವಾಮಿ, ಆ ಮೋರಿಗಂಟ. ನಾನೇ ಆಕಿದ್ದು. ಕೇಸ್ ಆಕ್ಕಳಿ, ಈ ಮಗೀನ್ ಮಾತ್ರ ಮನೆಗೆ ಕಳುಸ್ಬ್ಯಾಡಿ.”

ಅನುವಾದ ಮಾಡಿದೆ. ಹಾಗಾದರೆ ತೆಗೆದದ್ದು ಯಾಕೆ ಎಂದು ಅಧಿಕಾರಿ ನನ್ನನ್ನು ಕೇಳಿದರು. ನಾನು ಕೈಗಂಟಿದ ಹೊಟ್ಟು ಒರೆಸಿಕೊಂಡೆ. ದೊಡ್ಡವ್ವ ನನ್ನ ಟಿಪ್ಪಣಿ ಪುಸ್ತಕದ ಹಾಳೆಯಲ್ಲೇ ತನ್ನ ಮಾತು ಬರೆಸಿ, ಪೆನ್ನಿನ ಇಂಕನ್ನು ಹೆಬ್ಬೆರಳಿಗೆ ಸವರಿಕೊಂಡು ಒತ್ತಿದಳು. ಅಧಿಕಾರಿ ಅದನ್ನು ಮಡಚಿ ಜೇಬಿಗಿಟ್ಟರು. ಎರಡೂ ಹೆಲಿಕಾಪ್ಟರುಗಳು ಹೋದವು.

ನನ್ನ ವರದಿ ಮೂರು ಸಾಲು: ಇಳಿಯಿತು, ಅಪಾಯವಿಲ್ಲ, ಹೋಯಿತು. ಹುಲ್ಲಿನ ಸುದ್ದಿ ಅದರಲ್ಲಿರಲಿಲ್ಲ.

ಆಮೇಲೆ ಆಕಾಶದಲ್ಲಿ ಸದ್ದಾದಾಗಲೆಲ್ಲ ಅವಳದು ಅದೇ ಪ್ರಶ್ನೆ: “ಅವ್ನೇ ಏನ್ಲಾ? ಪಾಸಾದ್ನಂತಾ?” ಎರಡು ಸಲ ಅವರ ತರಬೇತಿ ಶಾಲೆಗೆ ಕಾಗದ ಬರೆದು ವಿಚಾರಿಸಿದೆ. ಉತ್ತರ ಬರಲಿಲ್ಲ. ಕೆಲವು ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದಾಗಲೂ, ಸದ್ದು ಕೇಳಿ ತಲೆಯೆತ್ತಿದಳು.

“ಪಾಸಾದ ಕಣವ್ವ. ಅವ್ನೇ ಓಡುಸ್ತಾವ್ನೆ” ಎಂದೆ.

“ಅಂಗಾರೆ ಸರಿ ಬುಡು” ಎಂದು ಗೋಡೆಯ ಕಡೆ ಮಗ್ಗುಲಾದಳು. ಆ ತಿಂಗಳೇ ತೀರಿಕೊಂಡಳು.

ಇಷ್ಟು ವರ್ಷದ ಕೆಲಸದಲ್ಲಿ ಖಚಿತಪಡಿಸಿಕೊಳ್ಳದೆ ನಾನು ಕೊಟ್ಟ ಸುದ್ದಿ ಅದೊಂದೇ. ಅವನು ಏನಾದನೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ, ಹೇಳಬೇಕಾದವಳು ಇಲ್ಲ.